ಓಬಳೆಪ್ಪನ ಕೊಪ್ಪರಿಗೆ ಯಾನ

“ಹೊತ್ತು ನೆತ್ತಿಗೆ ಬರೂದ್ರಾಗ ಮರಲ ಮೀನು ತಂದು ನಿನ್ನ ಮುಂದ ಹಾಕದಿದ್ರ ನನ್ನ ಹೆಸರು ಓಬಳೆಪ್ಪನ ಅಲ್ಲ!”

ಓಬಳೆಪ್ಪ ಹೀಗೆ ತನ್ನ ಹೆಸರನ್ನು ಪಣಕ್ಕಿಟ್ಟದ್ದು ಅದೇ ಮೊದಲಲ್ಲ. ಹೆಂಡತಿ ಹುಲಿಗವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಲಿಲ್ಲ.

“ಹಿಂಗ ಹೆಸರು ಕಳಕೋತ ಹೋದ್ರ ನಾ ನಿಮ್ಮನ್ನ ಏನಂತ ಕರೀಲ್ರಿ?”

“ನೀ ಯಾವಾಗರ ನನ್ನ ಹೆಸರು ಹಿಡದು ಕರದೀಯೇನು?”

“ಇಲ್ಲ. ಅದಕ್ಕ ಅದು ಇನ್ನೂ ಉಳದೈತಿ.”

ಈ ಕತೆಯನ್ನು ಓಬಳೆಪ್ಪನೇ ಹೇಳಬೇಕಿತ್ತು. ಅವನು ಹೇಳಿದಾಗಲೆಲ್ಲ ಕೆರೆ ತುಸು ಅಗಲವಾಗುತ್ತಿತ್ತು, ಮೀನು ತುಸು ಉದ್ದವಾಗುತ್ತಿತ್ತು. ಕೇಳಿದವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು, ಎಲ್ಲರಿಗಿಂತ ಮೊದಲು ಅವನೇ. ಈಗ ಆತನಿಲ್ಲ. ಕೆರೆಯೂ ಮೀನೂ ಬೆಳೆಯುವುದನ್ನು ಬಿಟ್ಟಿವೆ. ಇದ್ದದ್ದನ್ನು ಇದ್ದಷ್ಟೇ ಹೇಳಬೇಕಾಗಿದೆ.

ಜರ್ಮನಿ ಯುದ್ಧದ ವರ್ಷಗಳವು. ಹೇಮಗುಡ್ಡದ ಕೆಳಗೆ, ಕೆರೆಯ ಹಿಂದೆ ಓಬಳೆಪ್ಪನಿಗೆ ತುಸು ಕಬ್ಬಿತ್ತು, ಒಂದು ಗಾಣವಿತ್ತು. ಬೆಲ್ಲ ಕಾಯಿಸುವ ದೊಡ್ಡ ಕಬ್ಬಿಣದ ಕೊಪ್ಪರಿಗೆ ಮಾತ್ರ ಅವನದಲ್ಲ. ಅದು ಹುಲಿಗವ್ವನ ಅಣ್ಣ, ಹನುಮನಹಳ್ಳಿಯ ಹುಚ್ಚೀರಪ್ಪ ತಂಗಿಯ ಮೋರೆ ನೋಡಿ ಕೊಟ್ಟದ್ದು. ಗಂಗಾವತಿ ಬಜಾರಿನಲ್ಲಿ ಒಂದು ಕಬ್ಬಿಣದ ಮೊಳೆ ಸಿಗದ ಕಾಲದಲ್ಲಿ ಇಡೀ ಕೊಪ್ಪರಿಗೆ ಕೊಡುವುದೆಂದರೆ ಜಹಾಗೀರು ಕೊಟ್ಟ ಹಾಗೆ! ಅದರಲ್ಲಿ ಕಾಯಿಸಿದ ಹುಚ್ಚೀರಪ್ಪನ ಬೆಲ್ಲ ಅಂಜನಾದ್ರಿಯ ಹನುಮಪ್ಪನ ನೈವೇದ್ಯಕ್ಕೆ ಹೋಗುತ್ತಿತ್ತು. ಹಾಗಾಗಿ ಆ ಕೊಪ್ಪರಿಗೆಗೆ ಚಪ್ಪಲಿ ತಾಗಬಾರದು, ಮೀನು-ಮಾಂಸವಂತೂ ಸೋಕಲೇಬಾರದು. ಸ್ವತಃ ಹುಚ್ಚೀರಪ್ಪ ಮೀನಿನ ಸಾರು ಕಂಡರೆ ಮುಳ್ಳನ್ನೂ ಬಿಡುವವನಲ್ಲ, ಆ ಮಾತು ಬೇರೆ. ನೇಮ ಇದ್ದದ್ದು ಕೊಪ್ಪರಿಗೆಗೆ, ಅವನ ಹೊಟ್ಟೆಗಲ್ಲ.

ಯಾರೋ ಪುಣ್ಯಾತ್ಮರು ಅವನ ಕಿವಿ ಊದಿದರು: ನಿನ್ನ ತಂಗಿಯ ಗಂಡ ಯಾರದೋ ಮದುವೆಗೆ ಅದೇ ಕೊಪ್ಪರಿಗೆಯಲ್ಲಿ ಕುರಿ ಬೇಯಿಸಿದ್ದಾನೆ! ಅಪ್ಪಟ ಸುಳ್ಳು. ಆದರೂ ಹುಚ್ಚೀರಪ್ಪ ಬಂದು ಹೋಗುವುದನ್ನು ಬಿಟ್ಟ. ಪಂಚಮಿಗೆ ತಂಗಿಯನ್ನು ಕರೆಯಲೂ ಬರಲಿಲ್ಲ. ಈಗ ಬೇಸಿಗೆಯಲ್ಲಿ ಹೇಳಿ ಕಳಿಸಿದ್ದ: “ಗಾಡಿ ಹೂಡ್ಕೊಂಡು ಬರ್ತೀನಿ, ಕೊಪ್ಪರಿಗಿ ಒಯ್ತೀನಿ. ನಿಮ್ಮನಿ ನೀರು ಸೈತ ಮುಟ್ಟೂದಿಲ್ಲ.”

ಅಣ್ಣ ನೀರು ಮುಟ್ಟದೆ ಹೊಸ್ತಿಲಿನಿಂದ ತಿರುಗಿದರೆ ಹುಲಿಗವ್ವನ ಪಾಲಿಗೆ ತವರಿನ ಬಾಗಿಲು ಮುಚ್ಚಿದಂತೆ. ಅವಳು ಅಳುವವಳಲ್ಲ. ಆದರೆ ಆ ಸುದ್ದಿ ಬಂದಂದಿನಿಂದ ಅವಳ ರೊಟ್ಟಿ ಹರಿಯತೊಡಗಿದ್ದವು. ಊರಿಗೇ ಹೆಸರಾದ ರೊಟ್ಟಿ! ಹರಿದ ರೊಟ್ಟಿಯನ್ನು ಓಬಳೆಪ್ಪ ಸುಮ್ಮನೆ ತಿನ್ನುತ್ತಿದ್ದ. ಆ ಬೆಳಿಗ್ಗೆ ಅವಳೇ ಅಂದಳು:

“ಮೀನಿನ ಸಾರಿನ ವಾಸನಿ ಬಂದ್ರ ನಮ್ಮಣ್ಣನ ಶಪಥ ಅಂಗಳದಾಗ ನಿಂದರತೈತಿ, ಆತ ಒಳಗ ಬರ್ತಾನ. ಒಂದ ಒಂದು ಮರಲ ಸಿಕ್ಕಿದ್ರ ಸಾಕಾಗಿತ್ರಿ.”

ಅದಕ್ಕೇ ಆ ಪ್ರತಿಜ್ಞೆ.

ಕೆರೆ ಬಿಸಿಲಿಗೆ ಸೊರಗಿತ್ತು. ಹಾವಿನಂಥ ತಲೆಯ ಮರಲ ಮೀನುಗಳೆಲ್ಲ ಕೆರೆಯ ನಡುವೆ ಮುಳುಗಿದ್ದ ಹಳೆಯ ಬಾವಿಯ ಆಳಕ್ಕೆ ಸೇರಿಕೊಂಡಿದ್ದವು. ಅಲ್ಲಿಗೆ ಹೋಗಲು ಊರಿಗೊಂದೇ ಹರಗೋಲು, ಯಮನೂರಸಾಬನದು. ಅದು ಏರಿಯ ಮೇಲೆ ಬೋರಲು ಬಿದ್ದಿತ್ತು. ತೊಗಲಿಲ್ಲದ ಬಿದಿರಿನ ಹಂದರದೊಳಗೆ ಕೋಳಿಗಳು ಓಡಾಡುತ್ತಿದ್ದವು.

“ಯಮನೂರಣ್ಣ, ಇದೇನಾತು?”

“ತೊಗಲು ಹರದೈತಪಾ. ಹೊಸಾದು ಬರೂತನಕ ಇದು ಕೋಳಿ ಬುಟ್ಟಿ. ನಿನಗ ಬೇಕಂದ್ರ ಒಂದು ಕೋಳಿ ಒಯ್ಯಿ.”

ಓಬಳೆಪ್ಪ ಹರಗೋಲನ್ನು ದಿಟ್ಟಿಸಿದ. ಹರಗೋಲು ದುಂಡಗಿದೆ. ಕೊಪ್ಪರಿಗೆಯೂ ದುಂಡಗಿದೆ! ಅವನ ತಲೆಯಲ್ಲಿ ಗಾಣ ತಿರುಗತೊಡಗಿತು.

“ಬ್ಯಾಡಪಾ,” ಅಂದ ಯಮನೂರಸಾಬ, ಅವನ ಉಪಾಯ ಕೇಳಿ. “ಅದು ಕುದಿಯೂದು. ತೇಲೂದಲ್ಲ.”

“ಅಷ್ಟು ಬೆಲ್ಲ ಹೊತ್ತದ್ದು ನನ್ನ ಹೊರಂಗಿಲ್ಲೇನು?”

“ಬೆಲ್ಲ ಮಿಸುಕಾಡೂದಿಲ್ಲಲೋ!”

ಇಬ್ಬರೂ ಕೂಡಿ ಕೊಪ್ಪರಿಗೆಯನ್ನು ಕೆರೆಗೆ ಉರುಳಿಸಿದರು. ಓಬಳೆಪ್ಪ ನೇಮದಲ್ಲಿ ಕೂದಲಷ್ಟೂ ಕೊರತೆ ಮಾಡಲಿಲ್ಲ. ಚಪ್ಪಲಿ ದಂಡೆಯಲ್ಲಿ ಬಿಟ್ಟ. ಕಾಲು ತೊಳೆದ. ಕೊಪ್ಪರಿಗೆಗೆ ಕೈ ಮುಗಿದ. ಗಾಳಕ್ಕೆ ಚುಚ್ಚಲು ಹಿಡಿದ ಕಪ್ಪೆ ಮಾಂಸವೋ ಅಲ್ಲವೋ ಎಂದು ಘನ ಪಂಡಿತನಂತೆ ಯೋಚಿಸಿ, ಸಂಶಯವೇ ಬೇಡವೆಂದು ಅದನ್ನು ತನ್ನ ಅಂಗಿಯ ಕಿಸೆಗೆ ಹಾಕಿಕೊಂಡ. ಬೆಲ್ಲ ತಿರುವುವ ಉದ್ದನೆಯ ಮರದ ಹುಟ್ಟು ಹಿಡಿದು, ಆನೆಗುಂದಿಯ ಅರಸನೇ ಹೊಳೆ ದಾಟಲು ಹೊರಟಂತೆ ಹೊರಟ. ಕೊಪ್ಪರಿಗೆ ಮುಂದೆ ಹೋಗುವುದಕ್ಕಿಂತ ಹೆಚ್ಚು ತನ್ನ ಸುತ್ತಲೇ ತಿರುಗಿತು. ಒಮ್ಮೆ ಹೇಮಗುಡ್ಡ, ಒಮ್ಮೆ ಯಮನೂರಸಾಬ, ಒಮ್ಮೆ ಹೇಮಗುಡ್ಡ, ಒಮ್ಮೆ ಯಮನೂರಸಾಬ! ಕಿಸೆಯಲ್ಲಿ ಕಪ್ಪೆ, ಹೊಟ್ಟೆಯಲ್ಲಿ ರೊಟ್ಟಿ, ಎರಡೂ ನೆಗೆಯುತ್ತಿದ್ದವು. ಅಂತೂ ಬಾವಿಯ ನೀರು ಬಂತು. ಗಾಳ ಬಿಟ್ಟ.

ಮರಲ ಕಚ್ಚಿತು! ಕೊಪ್ಪರಿಗೆ ಬುಗುರಿಯಾಯಿತು. ಓಬಳೆಪ್ಪ ಹಲ್ಲು ಕಚ್ಚಿ ಎಳೆದ. ತೊಡೆ ಗಾತ್ರದ ಮೀನು ಮೇಲೆದ್ದು ಬಿಸಿಲಿಗೆ ಮಿಂಚಿತು.

ಅಷ್ಟರಲ್ಲಿ ಅವನ ಕೈ ಗಾಳಿಯಲ್ಲೇ ನಿಂತಿತು. ಮೀನೇನೋ ಬಂತು. ಇಡುವುದೆಲ್ಲಿ?

ಕೊಪ್ಪರಿಗೆಯಲ್ಲಿ ಇಡುವ ಹಾಗಿಲ್ಲ. ಕೈಯಲ್ಲೇ ಹಿಡಿದರೆ ಹುಟ್ಟು ಹಾಕುವವರಾರು? ನೀರಿಗೆ ಬಿಟ್ಟರೆ ಹುಲಿಗವ್ವನ ತವರನ್ನೇ ನೀರಿಗೆ ಬಿಟ್ಟಂತೆ. ಅಲ್ಲಿ ನೋಡುವವರು ಯಾರೂ ಇರಲಿಲ್ಲ. ಯಮನೂರಸಾಬ ಕೋಳಿಗಳ ಹಿಂದೆ ಹೋಗಿದ್ದ. ನಾವು ನೀವಾಗಿದ್ದರೆ ಮೀನನ್ನು ಒಳಗೆ ಕೆಡವಿ, ದಂಡೆಗೆ ಬಂದು ತೊಳೆದು, ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ಓಬಳೆಪ್ಪನಿಗೆ ಅದು ಬರುತ್ತಿರಲಿಲ್ಲ. ಯಾರೂ ನೋಡದ ಹೊತ್ತಿನಲ್ಲಿ ಆತ ಇನ್ನಷ್ಟು ನೆಟ್ಟಗಿರುತ್ತಿದ್ದ. ಈ ಚಾಳಿಯಿಂದ ಬದುಕಿನುದ್ದಕ್ಕೂ ಅವನು ಪಟ್ಟ ಪಾಡು ಒಂದೆರಡಲ್ಲ.

ತಲೆಯ ರುಮಾಲು ಬಿಚ್ಚಿದ. ಮೀನನ್ನು ಅದರಲ್ಲಿ ಸುತ್ತಿ, ಮತ್ತೆ ತಲೆಗೇ ಬಿಗಿದುಕೊಂಡ!

ತಲೆಯ ಮೇಲೆ ಜೀವಂತ ಮರಲ ಇಟ್ಟುಕೊಂಡು ಹುಟ್ಟು ಹಾಕುವುದು ಎಂಥದೆಂದು ಹಾಕಿದವರೇ ಬಲ್ಲರು. ಮೀನು ಎಡಕ್ಕೆ ಹೊಡೆದುಕೊಂಡರೆ ಕತ್ತು ಎಡಕ್ಕೆ, ಬಲಕ್ಕೆ ಹೊಡೆದುಕೊಂಡರೆ ಬಲಕ್ಕೆ. ಅದೇ ಹೊತ್ತಿಗೆ ಏರಿಯ ಮೇಲೊಂದು ಎತ್ತಿನ ಗಾಡಿ ಬಂದು ನಿಂತಿತು. ಗಾಡಿಯಿಂದ ಹುಚ್ಚೀರಪ್ಪ ಧುಮುಕಿದ. ಹಿಂದಿನಿಂದ ಹುಲಿಗವ್ವ ಏದುಸಿರು ಬಿಡುತ್ತ ಓಡಿ ಬಂದಳು.

“ಲೇ ಓಬಳ್ಯಾ! ನನ್ನ ಕೊಪ್ಪರಿಗಿ ತಗೊಂಡು ಏನ್ ಮಾಡಾಕತ್ತೀ?”

“ತೊಳ್ಯಾಕತ್ತೀನಿ ಭಾವಾ!”

“ನಡು ಕೆರ್ಯಾಗೇನು? ಒಳಗ ಕುಂತು?”

“ಹೊರಮೈ ತೊಳದದ್ದು ಆತು!”

“ತಲಿ ಯಾಕ ಹಂಗ ಕುಣೀತೈತಿ?”

ಹುಲಿಗವ್ವ ಗಂಡನ ಮಾನ ಕಾಯಲು ಮುಂದಾದಳು. “ಅದು ಯಾವಾಗಲೂ ಹಂಗ ಅಣ್ಣಾ! ನೀ ಬಿಸಲಾಗ ನಿಂದರಬ್ಯಾಡ, ಮನಿಗೆ ನಡಿ!”

ಆಗಲೇ ರುಮಾಲಿನ ಸಂದಿಯಿಂದ ಬಾಲವೊಂದು ಹೊರಬಂದು ಓಬಳೆಪ್ಪನ ಹಣೆಗೆ ಪಟಪಟನೆ ಬಡಿಯಿತು.

“ಮೀನು!” ಹುಚ್ಚೀರಪ್ಪನ ಕೂಗಿಗೆ ಗಾಡಿಯ ಎತ್ತುಗಳು ಬೆದರಿದವು. “ನನ್ನ ಕೊಪ್ಪರಿಗ್ಯಾಗ ಮೀನು! ಜನ ಅಂದದ್ದು ಖರೇನ ಐತಿ!”

“ಕೊಪ್ಪರಿಗ್ಯಾಗ ಇಲ್ಲ ಭಾವಾ! ತಲಿ ಮ್ಯಾಲ ಐತಿ! ನೋಡು, ಒಳಗ ಏನೂ ಇಲ್ಲ!”

ಹೀಗೆ ಅಂದು, ಸಾಕ್ಷಿಗೆಂದು ಓಬಳೆಪ್ಪ ಎದ್ದು ನಿಂತ. ತೇಲುವ ಕೊಪ್ಪರಿಗೆಯಲ್ಲಿ ಎದ್ದು ನಿಂತ!

ಅಂಚು ವಾಲಿತು. ನೀರು ಗಳಗಳನೆ ಒಳನುಗ್ಗಿತು. ಕೆಳಗೆ ಆಳ ಕಾಣದ ಬಾವಿ. ಅದರಲ್ಲಿ ಇಳಿದ ಕಬ್ಬಿಣವನ್ನು ಮೇಲೆತ್ತುವ ಮಗ ಇನ್ನೂ ಹುಟ್ಟಿರಲಿಲ್ಲ. ಓಬಳೆಪ್ಪ ಹಿಂದೆ ಮುಂದೆ ನೋಡದೆ ನೀರಿಗೆ ಹಾರಿದ. ಭಾರ ಇಳಿದು ಕೊಪ್ಪರಿಗೆ ತುಸು ಮೇಲೆದ್ದಿತು. ಒಂದು ಕೈ ಅಂಚಿಗೆ, ಒಂದು ಕೈ ತಲೆಗೆ. ಒಂದು ಕೈಗೆ ಕೊಪ್ಪರಿಗೆ ಮಾತು ಕೇಳಲಿಲ್ಲ.

“ಮೀನು ಬಿಡ್ರಿ!” ಹುಲಿಗವ್ವ ಕೂಗಿದಳು. ಅವಳ ದನಿ ಒಡೆದಿತ್ತು. “ಮೀನು ಹಾಳಾಗಿ ಹೋಗ್ಲಿ, ಬಿಡ್ರಿ!”

“ಕೊಪ್ಪರಿಗಿ ಬಿಡಬ್ಯಾಡಲೇ!” ಹುಚ್ಚೀರಪ್ಪ ಕೂಗಿದ.

ಓಬಳೆಪ್ಪ ಯಾವುದನ್ನೂ ಬಿಡಲಿಲ್ಲ. ರುಮಾಲಿನ ಗಂಟನ್ನು ಹಲ್ಲಿನಲ್ಲಿ ಕಚ್ಚಿ ಮೀನನ್ನು ಕೆನ್ನೆಗೆ ಜೋತುಬಿಟ್ಟ. ಎರಡೂ ಕೈಯಿಂದ ಕೊಪ್ಪರಿಗೆ ನೂಕುತ್ತ ಈಸಿದ. ಮೀನು ಕಿವಿ ಕಚ್ಚಿತು. ಕಚ್ಚಲಿ! ಕಾಲಿಗೆ ಕೆಸರು ಸಿಕ್ಕಾಗ ಮೊಣಕಾಲೂರಿ ಕುಸಿದ. ಕುಸಿಯುವಾಗಲೂ ಮೋರೆಯನ್ನು ಆಚೆ ಹೊರಳಿಸಿ, ಮೀನು ಕೊಪ್ಪರಿಗೆಗೆ ತಾಗದಂತೆ ಹುಲ್ಲಿನ ಮೇಲೆ ಉಗುಳಿದ.

ಹುಚ್ಚೀರಪ್ಪ ಕೆಸರಿಗಿಳಿದ. ಕೊಪ್ಪರಿಗೆಯ ನೀರು ಚೆಲ್ಲಿಸಿ, ಒಳಗೆ ಕೈಯಾಡಿಸಿ, ಬಗ್ಗಿ ಮೂಸಿದ. ಮೀನಿನ ಒಂದು ಪೊರೆಯಿಲ್ಲ, ವಾಸನೆಯಿಲ್ಲ. ಹುಲಿಗವ್ವ ಸೆರಗು ಬಾಯಿಗಿಟ್ಟುಕೊಂಡು ನಿಂತಿದ್ದಳು.

“ಜೀವ ಹೋಗೂ ಹೊತ್ತಿನ್ಯಾಗೂ ಮೀನು ಇದರಾಗ ಯಾಕ ಒಗೀಲಿಲ್ಲ?” ಹುಚ್ಚೀರಪ್ಪ ಕೇಳಿದ.

ಓಬಳೆಪ್ಪ ಕೆಮ್ಮಿ ನೀರು ಕಾರಿದ. “ಇದು ಹನುಮಪ್ಪನ ಬೆಲ್ಲದ ಕೊಪ್ಪರಿಗಿ ಅಲ್ಲೇನು ಭಾವಾ?”

ಹುಚ್ಚೀರಪ್ಪ ಹೇಮಗುಡ್ಡದ ಕಡೆಗೆ ಮೋರೆ ತಿರುಗಿಸಿದ. ಮೀಸೆ ಒರೆಸಿಕೊಂಡ. ಒರೆಸಿಕೊಂಡದ್ದು ಮೀಸೆಯೊಂದನ್ನೇ ಅಲ್ಲ.

“ಇಂಥವ ಕುರಿ ಬೇಯಿಸ್ಯಾನ ಅಂದವ ನನ್ನ ಕೈಗೆ ಸಿಗಲಿ! ಹುಲಿಗವ್ವಾ, ಮನಿಗೆ ನಡಿಯವ್ವ. ಬಾಯಿ ಒಣಗೇತಿ, ಒಂದು ತಂಬಿಗಿ ನೀರು ಕೊಡು. ಕೊಪ್ಪರಿಗಿ ನಿನ್ನ ಮನ್ಯಾಗ ಇರ್ಲಿ.”

ಅಂಗಳದಲ್ಲಿ ಅಣ್ಣ ತಂಬಿಗೆ ನೀರನ್ನು ಗಟಗಟನೆ ಕುಡಿದ. ಓಬಳೆಪ್ಪ ಗೆದ್ದ ಪೈಲವಾನನಂತೆ ಎದೆ ಉಬ್ಬಿಸಿ ಕೊಪ್ಪರಿಗೆಯ ಪಕ್ಕ ನಿಂತಿದ್ದ. ಹುಲಿಗವ್ವ ಒಳಗಿನಿಂದ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಬಂದಳು. ಅವನು ಉಪಕಾರ ಮಾಡುವವನಂತೆ ಕೊಪ್ಪರಿಗೆಯನ್ನು ಅವಳ ಕಡೆಗೆ ಉರುಳಿಸತೊಡಗಿದ.

“ಅದನ್ನ ಯಾಕ ತರ್ತೀರಿ? ಅದಕ್ಕ ಮೀನು ಮುಟ್ಟೇ ಇಲ್ಲ,” ಅಂದಳು ಹುಲಿಗವ್ವ, ನಾರಿಗೆ ಬೂದಿ ಬಳಿಯುತ್ತ. “ಮುಟ್ಟಿದ್ದನ್ನ ತಿಕ್ಕಬೇಕು. ಕುಂದರ್ರಿ, ತಲಿ ಬಗ್ಗಸ್ರಿ!”