ಗಾಯಕರೇ ಇಲ್ಲದ ಆಲ್ಬಮ್‌ಗಳು

ಹಾಸಿಗೆ, ದಿಂಬು ಮಾರುವವನಿಗೆ ಅರ್ಥವಾಗದ ವಿಷಯ ಈ ಭೂಮಂಡಲದಲ್ಲೇ ಇಲ್ಲ! ನನ್ನ ಬಗ್ಗೆ ನನಗಿದ್ದ ಅಭಿಪ್ರಾಯ ಇದು. ಹೊಸ ಹೋಟೆಲು ತೆರೆಯುತ್ತಿದ್ದ ಮೇಡಂ ಒಬ್ಬರು ಎಂಬತ್ತರ ದಶಕದ ಕೊನೆಯ ಪಾಪ್, ರಾಕ್ ಆಲ್ಬಮ್‌ಗಳೆಂದರೆ ಪ್ರಾಣ ಬಿಡುತ್ತಾರೆ ಎಂಬ ಸುದ್ದಿ ಕಿವಿಗೆ ಬಿದ್ದದ್ದೇ ತಡ, ಎದೆ ತಟ್ಟಿ ಘೋಷಿಸಿದೆ: "ಭಾನುವಾರ ಅವರು ಸ್ಯಾಂಪಲ್ ನೋಡೋಕೆ ಬರೋ ಹೊತ್ತಿಗೆ ನಾನು ರಾಕ್ ಪಂಡಿತ!"

ಹೆಂಡತಿ ದಿಂಬಿನ ಬಾಯಿ ಹೊಲಿಯುತ್ತಿದ್ದಳು. ನಮ್ಮ ಅಂಗಡಿಯಲ್ಲಿ ಹೊಲಿಗೆಯೆಲ್ಲ ಅವಳದು, ಮಾತೆಲ್ಲ ನನ್ನದು.

"ದಿಂಬು ಚೆನ್ನಾಗಿದ್ರೆ ತಗೋತಾರೆ. ಮಧ್ಯೆ ರಾಕ್ ಯಾಕ್ರೀ?"

"ನಿನಗೆ ವ್ಯಾಪಾರದ ಸೂಕ್ಷ್ಮ ಗೊತ್ತಿಲ್ಲ ಕಣೇ. ಇಡೀ ಹೋಟೆಲಿನ ಆರ್ಡರ್! ಎದುರು ಸಾಲಿನ ಸ್ಪಂಜಿನ ಹಾಸಿಗೆಯವನು ಆಗಲೇ ಬಾಯಿ ತೆರೆದು ಕೂತಿದಾನೆ. ಇದು ಕೈತಪ್ಪಿದ್ರೆ ಅಂಗಡಿ ಬಾಗಿಲು ಹಾಕಿ, ಇಷ್ಟೂ ದಿಂಬಿನ ಮೇಲೆ ನಾವಿಬ್ರೇ ಮಲಗಬೇಕು!"

ಪಕ್ಕದ ಕಟಿಂಗ್ ಶಾಪಿನವನು ಒಂದು ಡಬ್ಬಿ ಕ್ಯಾಸೆಟ್ಟು, ಸೊಂಟಕ್ಕೆ ಸಿಕ್ಕಿಸುವ ಪ್ಲೇಯರು, ಇಯರ್‌ಫೋನು ಎರವಲು ಕೊಟ್ಟ. "ಹುಷಾರು ಅಣ್ಣಾ, ಈ ಗಾಯಕರ ಕೂದಲು ನೋಡೇ ನಾನು ಈ ಕಸುಬಿಗೆ ಬಂದಿದ್ದು" ಎಂದು ಗದ್ಗದಿತನಾದ.

ಕವರುಗಳನ್ನು ನೋಡಿ ನನ್ನ ವ್ಯಾಪಾರಿ ಹೃದಯ ಹಿಗ್ಗಿತು. ಒಬ್ಬೊಬ್ಬನ ತಲೆಯ ಮೇಲೂ ಒಂದು ಹಾಸಿಗೆಗೆ ಸಾಲುವಷ್ಟು ಸರಕು! ಗಾಯಕಿಯರ ಕೋಟಿನ ಭುಜದಲ್ಲಿ ಮಕ್ಕಳ ದಿಂಬನ್ನೇ ಹೊಲಿದುಬಿಟ್ಟಿದ್ದರು. ಪರರ ವಸ್ತುವಿಗೆ ಗೀಚು ಬೀಳಬಾರದೆಂದು ಪ್ಲೇಯರಿಗೆ ನಾನೇ ಹತ್ತಿ ತುಂಬಿದ ದಪ್ಪ ಗವಸು ಹೊಲಿದು ತೊಡಿಸಿ, ವೈರು ಚುಚ್ಚಲು ಒಂದು ತೂತು ಬಿಟ್ಟು, ಕೇಳಲು ಕುಳಿತೆ.

ಆಹಾ! ಡ್ರಮ್ಮು ಬಾರಿಸಿದರೆ ಖಾಲಿ ಗೋದಾಮಿನ ಶಟರು ಎಳೆದ ಹಾಗೆ. ಕೀಬೋರ್ಡು ಗಾಜಿನ ಗೋಲಿ ಚೆಲ್ಲಿದ ಹಾಗೆ. ಗಿಟಾರಿನವನಂತೂ ಒಂದೇ ಸ್ವರ ಹಿಡಿದು, ಗಿರಾಕಿ ಹೋದರೂ ಬಿಡದೆ ಚೌಕಾಸಿ ಮಾಡುತ್ತಿದ್ದ! ಆದರೆ ಗಾಯಕ? ಎಲ್ಲೋ ಬಾವಿಯ ತಳದಿಂದ ಬರೀ ಪ್ರತಿಧ್ವನಿ. ಇನ್ನೊಂದು ಕ್ಯಾಸೆಟ್ಟು ಹಾಕಿದೆ. ಅವಳೂ ಬಾವಿಯಲ್ಲೇ!

"ಹೇಗಿದೆ ಹಾಡು?" ಎಂದಳು ಹೆಂಡತಿ.

"ಎಲ್ಲಾ ಇದೆ, ಹಾಡೋರು ಮಾತ್ರ ಇಲ್ಲ."

"ಹಾಗಾದ್ರೆ ಏನೋ ಎಡವಟ್ಟಾಗಿದೆ. ಕಟಿಂಗ್ ಶಾಪಿನವರನ್ನ ಒಂದು ಮಾತು ಕೇಳಿ."

"ಅವನನ್ನೇನು ಕೇಳೋದು! ಅದು ಆ ಕಾಲದ ಶೈಲಿ!"

ಭಾನುವಾರ ಮೇಡಂ ಬಂದರು. ಕಾಫಿ ಕುಡಿದು, ಸ್ಯಾಂಪಲ್ ದಿಂಬನ್ನು ಮಡಿಲಿಗೆ ಎಳೆದುಕೊಂಡರು. ಇದೇ ಸಮಯವೆಂದು ಶುರು ಮಾಡಿದೆ.

"ಎಂಬತ್ತರ ಕೊನೆಯ ಗಾಯಕರ ವಿನಯ ಯಾರಿಗೂ ಬರಲ್ಲ ಮೇಡಂ. ಸಂಗೀತವನ್ನ ಮುಂದೆ ಬಿಟ್ಟು ತಾವು ಹಿಂದಿನ ಬೀದಿಯಲ್ಲಿ ನಿಂತು ಹಾಡ್ತಾರೆ! ಇದಕ್ಕೆ ಕಾರಣ ಕೂದಲು. ಅದು ಅಡ್ಡ ಬಂದು ಮೈಕು ಬಾಯಿ ತನಕ ಹೋಗ್ತಾನೇ ಇರಲಿಲ್ಲ."

ಮೇಡಂ ನನ್ನನ್ನೇ ನೋಡಿದರು. "ಯಾರ ಬಗ್ಗೆ ಹೇಳ್ತಿದೀರಿ?"

ಒಂದು ಕವರು ತೋರಿಸಿದೆ.

"ಇವನಾ! ಇವನು ಬಾಯಿ ತೆರೆದ್ರೆ ಸ್ಟೇಡಿಯಂನ ಕೊನೇ ಸಾಲಿನೋರೂ ಕಿವಿ ಮುಚ್ಕೋತಿದ್ರು!"

"ನನಗೆ ಕೇಳಿಸಿದ್ದು ಪಿಸುಮಾತು ಮೇಡಂ."

ಅವರು ಇಯರ್‌ಫೋನು ಕಿವಿಗಿಟ್ಟು ಹುಬ್ಬು ಗಂಟಿಕ್ಕಿದರು. ಪ್ಲೇಯರನ್ನು ತಿರುಗಿಸಿ ನೋಡಿ, ನನ್ನ ಹತ್ತಿಯ ಗವಸನ್ನು ಬಾಳೆಹಣ್ಣಿನ ಸಿಪ್ಪೆಯಂತೆ ಸುಲಿದರು. "ಇಷ್ಟು ದಪ್ಪ ಹೊದಿಸಿದ್ರೆ ಇಯರ್‌ಫೋನಿನ ಪಿನ್ನು ಅರ್ಧಕ್ಕೇ ನಿಲ್ಲುತ್ತೆ. ಅರ್ಧ ಹೋದ್ರೆ ಎರಡೂ ಕಿವಿಗೆ ಸಮ ಬರೋ ದನಿ ಒಂದನ್ನೊಂದು ಅಳಿಸಿಬಿಡುತ್ತೆ, ಹಾಡೋರು ಮಾಯ!" ಎಂದು ಪಿನ್ನು ಒತ್ತಿದರು. ಟಕ್! ಇಯರ್‌ಫೋನನ್ನು ನನ್ನ ಕಿವಿಗೆ ತುರುಕಿದರು.

ಗಾಯಕನನ್ನು ಹುಡುಕುತ್ತಾ ನಾನು ವಾಲ್ಯೂಮನ್ನು ತುತ್ತತುದಿಗೆ ಏರಿಸಿಟ್ಟಿದ್ದೆ. ಬಾವಿಯಲ್ಲಿದ್ದವನು ಒಂದೇ ನೆಗೆತಕ್ಕೆ ನನ್ನ ತಲೆಯೊಳಕ್ಕೆ ಬಂದ! ನಾನು ಸ್ಟೂಲಿನಿಂದ ಹಾರಿದೆ, ಕಾಫಿ ಲೋಟಗಳು ಹಾರಿದವು. "ಅಯ್ಯಯ್ಯೋ! ಇವನು ಹಾಡ್ತಾನೆ ಕಣೇ! ಏನು ಗಂಟಲು! ಏನು ಗಂಟಲು!" ಎಂದು ಅಂಗಡಿಯೆಲ್ಲ ಕುಣಿದಾಡಿದೆ. ನಿಜ ಹೇಳುತ್ತೇನೆ, ಆ ಕ್ಷಣ ನನಗೆ ಹೋಟೆಲೂ ಬೇಡವಾಗಿತ್ತು.

ಹೆಂಡತಿ ಇಯರ್‌ಫೋನು ಕಿತ್ತ ಮೇಲೆಯೇ ಎಚ್ಚರ. ಮೇಡಂ ದಿಂಬಿನಲ್ಲಿ ಮುಖ ಹುದುಗಿಸಿದ್ದರು, ಭುಜ ಅಲುಗುತ್ತಿತ್ತು. ಮುಗಿಯಿತು, ಆರ್ಡರು ಸ್ಪಂಜಿನವನ ಪಾಲು! ಅಷ್ಟರಲ್ಲಿ ಕಣ್ಣೀರು ಒರೆಸಿಕೊಳ್ಳುತ್ತಾ ತಲೆ ಎತ್ತಿದರು.

"ನಾನು ಅಷ್ಟು ಜೋರಾಗಿ ನಕ್ಕೆನಲ್ಲ, ಕೇಳಿಸ್ತಾ?"

"ಒಂಚೂರೂ ಇಲ್ಲ ಮೇಡಂ" ಎಂದಳು ಹೆಂಡತಿ. "ಹತ್ತಿ ಒತ್ತಾಗಿ ತುಂಬಿದೀನಿ."

"ನನ್ನ ಹೋಟೆಲಲ್ಲಿ ಕೆಳಗೆ ಬ್ಯಾಂಡು, ಮೇಲೆ ರೂಮು. ಕಿವಿಗೆ ಒತ್ಕೊಂಡು ಮಲಗೋಕೆ ಇಂಥದ್ದೇ ಬೇಕಿತ್ತು. ಎಲ್ಲಾ ರೂಮಿಗೂ ಕಳಿಸಮ್ಮ."

ನಾನು ಗಂಟಲು ಸರಿಮಾಡಿಕೊಂಡೆ. "ನಾನೇ ತಂದು ಕೊಡ್ತೀನಿ ಮೇಡಂ. ಆ ಕಾಲದ ಸಂಗೀತದ ಬಗ್ಗೆ ಇನ್ನೂ ಎರಡು ಮಾತು…"

"ಬೇಡಿ ಸ್ವಾಮಿ, ದಿಂಬು ಸಾಕು!"

ಹೆಂಡತಿ ದಾರ ಕಡಿಯುತ್ತಾ ತಲೆಯಾಡಿಸಿದಳು. "ಇವರ ತಲೆ, ಈ ದಿಂಬು, ಎರಡರೊಳಗೂ ಇರೋದು ಹತ್ತಿನೇ ಮೇಡಂ. ದಿಂಬಾದ್ರೆ ಬಾಯಿ ಹೊಲಿದು ಕಳಿಸ್ತೀನಿ!"