ಕೋಡಿಗೆ ಕಟ್ಟಿದ ಬಲೆ

ಉಪದೇಶ ಮಾಡುವವರಿಗೆ ಒಂದು ಸೌಕರ್ಯವಿದೆ. ಭಾಷಣ ಮುಗಿಸಿ ಮನೆಗೆ ಹೊರಟರೆ, ಕೇಳಿದವರು ಯಾರೂ ಹಿಂದೆಯೇ ಬಂದು ನೋಡುವುದಿಲ್ಲ. ಮೂವತ್ತು ವರ್ಷ ಮಾಷ್ಟ್ರಾಗಿದ್ದ ನಾನು ಈ ಸೌಕರ್ಯವನ್ನು ಧಾರಾಳವಾಗಿ ಅನುಭವಿಸಿದ್ದೇನೆ. ಕಳೆದ ಮಳೆಗಾಲದಲ್ಲೂ ಸವಣೂರಿನ ಕಡೆಯ ಒಂದು ಶಾಲೆಯಲ್ಲಿ ನೀರು ಉಳಿಸುವ ಬಗ್ಗೆ ಒಂದು ಗಂಟೆ ಮಾತಾಡಿ, ಶಾಲು ಹೊದೆಸಿಕೊಂಡು ಬಂದೆ. ನಮ್ಮಲ್ಲಿ ಮದಕ ಇದೆಯಲ್ಲ, ಆ ಧೈರ್ಯ.

ಮದಕವೆಂದರೆ ಗುಡ್ಡದಿಂದ ಇಳಿಯುವ ನೀರಿಗೆ ಅಡ್ಡಲಾಗಿ ಅಜ್ಜ ಮಣ್ಣಿನ ಏರಿ ಹಾಕಿ ಮಾಡಿದ ಕೆರೆ. ಹೆಚ್ಚಾದ ನೀರು ಹರಿದುಹೋಗಲು ಮೂಲೆಯಲ್ಲೊಂದು ಕೋಡಿ. ಮೇ ಕೊನೆಗೆ ಬರುವ ಪತ್ತನಾಜೆ ಹಬ್ಬ ಕಳೆದ ಕೂಡಲೆ, ಮಳೆ ಹಿಡಿಯುವ ಮೊದಲು, ಅಪ್ಪ ಕತ್ತಿ ಹಾರೆ ಹಿಡಿದು ಏರಿ ಹತ್ತುತ್ತಿದ್ದರು. ಪೊದೆ ಸವರುವುದು, ಏಡಿ ಕೊರೆದ ಮಾಟೆಗಳಿಗೆ ಜೇಡಿಮಣ್ಣು ತುಂಬಿ ತುಳಿಯುವುದು, ಕೋಡಿಯ ಕಸ ತೆಗೆಯುವುದು. ದಿನವಿಡೀ ಏಡಿಗಳ ಜೊತೆ ಜಗಳ! ಅಪ್ಪ ತೀರಿಕೊಂಡ ಮೇಲೆ ನಾನು ಆ ಜಗಳ ಮುಂದುವರಿಸಲಿಲ್ಲ. ನಾಲ್ಕು ವರ್ಷ ಏನೂ ಆಗಲಿಲ್ಲ. ಅಜ್ಜನ ಕೆಲಸ ಅಷ್ಟು ಗಟ್ಟಿ ಎಂದು ಬಂದವರಿಗೆಲ್ಲ ಹೇಳಿಕೊಂಡೆ. ಆಮೇಲೆ ಕಾಟ್ಲಾ ಮೀನಿನ ಮರಿ ಬಿಟ್ಟೆ. ತಿನ್ನಲಿಕ್ಕಲ್ಲ, ನೆಂಟರಿಗೆ ತೋರಿಸಲಿಕ್ಕೆ. ಅವು ತಪ್ಪಿಸಿಕೊಳ್ಳಬಾರದೆಂದು ಕೋಡಿಗೆ ಅಡ್ಡ ಬಲೆ ಕಟ್ಟಿದೆ. ಇದನ್ನು ಬರೆಯುವಾಗಲೂ ಕಿವಿ ಬಿಸಿಯಾಗುತ್ತಿದೆ.

ಶಾಲು ಹೊದ್ದು ಬಂದ ಮಧ್ಯಾಹ್ನ, ಮದಕದ ಕೆಳಗೇ ಮನೆಯಿರುವ ಕಮಲಕ್ಕ ನಮ್ಮ ಅಂಗಳದಲ್ಲಿ ಕಾಯುತ್ತಿದ್ದರು.

"ಮಾಷ್ಟ್ರೆ, ಏರಿಯ ಬುಡದಲ್ಲಿ ಕೆಂಪು ನೀರು ಬರ್ತಾ ಉಂಟು."

"ಮಳೆಗಾಲದಲ್ಲಿ ಕೆಂಪಲ್ಲದೆ ಇನ್ನೆಂತ ಬರುದು ಕಮಲಕ್ಕ?"

"ಮಳೆ ಬಿಟ್ಟು ಮೂರು ದಿನ ಆಯ್ತಲ್ಲ ಮಾರಾಯ್ರೆ. ತಿಳಿನೀರು ಒಸರಿದ್ರೆ ನಾನು ಇಷ್ಟು ಹೆದರ್ತಿರ್ಲಿಲ್ಲ. ಇದು ಏರಿಯ ಮಣ್ಣೇ ಕರಗಿ ಬರುದು."

ಶಾಲಿನಲ್ಲೇ ಓಡಿದೆ. ಬಲೆಗೆ ತರಗೆಲೆ ಮೆತ್ತಿ ಕೋಡಿ ಪೂರ್ತಿ ಮುಚ್ಚಿತ್ತು. ನೀರು ಏರಿಯ ತಲೆ ಮುಟ್ಟಲು ಒಂದು ಗೇಣು ಬಾಕಿ. ನೇರ ಕೆಳಗೆ ಕಮಲಕ್ಕನ ಹಂಚಿನ ಮಾಡು, ಹಟ್ಟಿ, ಒಣಗಲು ಹಾಕಿದ ಸೀರೆ. ಬಲೆ ಹಾಳಾಗಬಾರದೆಂದು ನಾನು ಗಂಟು ಬಿಚ್ಚುತ್ತಾ ಕೂತಾಗ, ಹಿಂದೆಯೇ ಕುಂಟುತ್ತಾ ಹತ್ತಿ ಬಂದ ಕಮಲಕ್ಕ ಕತ್ತಿಯಿಂದ ಒಂದೇ ಏಟಿಗೆ ಕಡಿದರು. ನೀರಿನೊಟ್ಟಿಗೆ ಮೀನೂ ಅವರ ತೋಡಿಗೆ ಇಳಿಯಿತು. ಸಂಜೆಗೆ ಮದಕ ಮೊಣಕಾಲಷ್ಟು ತಗ್ಗಿ, ಬುಡದ ಒಸರು ಸಣ್ಣದಾಗಿ ತಿಳಿಯಾಯಿತು.

ಅವರು ಪೊದೆ ಸರಿಸಿ ಮಾಟೆಯನ್ನು ನೇರವಾಗಿ ತೋರಿಸಿದಾಗ, ಹೇಗೆ ಗೊತ್ತಾಯಿತೆಂದು ಕೇಳಿದೆ.

"ನಾಲ್ಕು ವರ್ಷ ಮುಚ್ಚಿದ್ದು ನಾನಲ್ವಾ? ಈ ಸಲ ಗಂಟುನೋವು, ಹತ್ಲಿಕ್ಕೆ ಆಗ್ಲಿಲ್ಲ."

"ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ದೆ. ನೀವು ಅಜ್ಜನ ಕಥೆ ಹೇಳಿದ್ರಿ."

ಬೇಸಿಗೆಯಲ್ಲಿ ಅವರು ಏರಿಯ ಮೇಲೆ ಕುರ್ಚಿ ಹಾಕಿ ಕೂತು ಹೇಳಿದಂತೆ ನಾನು ಮಾಟೆ ಅಗೆದೆ, ಜೇಡಿಮಣ್ಣು ತುಳಿದೆ. ಅಷ್ಟರಲ್ಲಿ ಬೆಳ್ಳಾರೆಯ ಕಡೆಯಿಂದ ಇನ್ನೊಂದು ಭಾಷಣಕ್ಕೆ ಕರೆ ಬಂತು. ಈ ಸಲ ನೀವೇ ಹೋಗಬೇಕು ಎಂದು ಕಮಲಕ್ಕನಿಗೆ ಕೈಮುಗಿದೆ.

"ಭಾಷಣ ನನಗೆ ಬರುದಿಲ್ಲ. ನೀವು ಹೋಗಿ ಬನ್ನಿ ಮಾಷ್ಟ್ರೆ, ಅಷ್ಟು ಹೊತ್ತು ಏರಿ ನಾನು ನೋಡಿಕೊಳ್ತೇನೆ" ಎಂದರು.

ಹೋಗಿ ಬಂದೆ. ಮನೆಯಲ್ಲಿ ಈಗ ಎರಡು ಶಾಲು ಇವೆ.