ಎರಡು ನಡೆಗೊಂದು ಕುರ್ಚಿ

ಶನಿವಾರದೊಳಗೆ ಆ ವಾಚನಾಲಯದ ಗಂಡಸರ ಸೊಕ್ಕು ಮುರಿದೇ ತೀರುತ್ತೇನೆ ಎಂದು ಸೋಮವಾರ ಬೆಳಗ್ಗೆ, ಮಗಳ ಹಾಲಿನ ಬಾಟಲಿ ಕುದಿಸುತ್ತ ಪ್ರತಿಜ್ಞೆ ಮಾಡಿದೆ. ಸೌಟು ಎತ್ತಿ ಹಿಡಿದೇ ಮಾಡಿದೆ. ಮಹಾಪ್ರತಿಜ್ಞೆಗೆ ಒಂದು ಆಯುಧ ಬೇಡವೇ!

ವಿಷಯ ಇಷ್ಟೇ. ನಮ್ಮ ಬೀದಿ ಕೊನೆಯ ವಾಚನಾಲಯದಲ್ಲಿ ಪ್ರತಿ ಶನಿವಾರ ಸಂಜೆ ಎರಡು ಗಂಟೆ ಚೆಸ್ ಕೂಟ. ಏಳು ಜನ, ಎಂಟು ಕುರ್ಚಿ. ಆ ಎಂಟನೆಯದರ ಮೇಲೆ ನನ್ನ ಕಣ್ಣು. ಮಗಳು ಹುಟ್ಟಿ ಹದಿನಾಲ್ಕು ತಿಂಗಳಾಯಿತು. ಅಂದಿನಿಂದ ಎರಡು ಗಂಟೆ ಎಲ್ಲಾದರೂ ಒಬ್ಬಳೇ ಕೂತವಳಲ್ಲ ನಾನು. ಸೇರಿಸಿಕೊಳ್ಳಿ ಎಂದು ಕೇಳಲು ಹೋದರೆ ಲೈಬ್ರೇರಿಯನ್ ಕನ್ನಡಕದ ಮೇಲಿಂದ ನೋಡಿದರು.

"ಮಗು ಇದೆಯಲ್ಲಮ್ಮ, ಯೋಚನೆ ಮಾಡೋಕೆ ನಿಮಗೆ ಪುರುಸೊತ್ತೆಲ್ಲಿ?" ಎಂದು ಒಂದು ಚೀಟಿ ಕೊಟ್ಟರು. ಅದರಲ್ಲೊಂದು ಚೆಸ್ ಸಮಸ್ಯೆ: ಬಿಳಿಯ ಸರದಿ, ಎರಡು ನಡೆಯಲ್ಲಿ ಕಪ್ಪು ರಾಜನಿಗೆ ಚೆಕ್‌ಮೇಟ್. "ಶನಿವಾರ ಇಲ್ಲಿ ಬಂದು ಸರಿಯುತ್ತರ ಹೇಳಿದವರಿಗೆ ಕುರ್ಚಿ."

ಸವಾಲು, ಅದೂ ನನಗೆ! ಹಳೆಯ ಮಹಾಪಂದ್ಯಗಳ ದಪ್ಪ ಪುಸ್ತಕವನ್ನು ಮಗಳು ಮಲಗಿದಾಗಲೆಲ್ಲ ಓದಿ ಅರೆದು ಕುಡಿದವಳು ನಾನು. ನೂರು ವರ್ಷದ ಹಿಂದಿನ ಚಾಂಪಿಯನ್ನರು ಎಲ್ಲೆಲ್ಲಿ ಎಡವಿದರೆಂದು ಥಟ್ಟನೆ ಹೇಳಬಲ್ಲೆ. ಪುಟದ ಕೆಳಗೆ ಉತ್ತರ ಅಚ್ಚಾಗಿರುತ್ತದೆ ಎನ್ನುವುದು ಬೇರೆ ಮಾತು.

ಆದರೆ ನಮ್ಮ ಮನೆಯಲ್ಲಿ ಚೆಸ್ ಕಾಯಿಗಳಿಗೆ ಪ್ರವೇಶವಿಲ್ಲ. ಮಗಳು ನುಂಗಿಬಿಟ್ಟರೆ? ಆ ಭಯಕ್ಕೆ ಇಡೀ ಸೆಟ್ಟನ್ನು ಅಟ್ಟಕ್ಕೆ ಹಾಕಿ, ಹಾಲ್‌ನ ಕಪ್ಪು ಬಿಳಿ ಟೈಲ್ಸನ್ನೇ ಮಣೆ ಮಾಡಿಕೊಂಡಿದ್ದೇನೆ. ಕಾಯಿಗಳೆಲ್ಲ ಮಗುವಿನ ಬಾಯೊಳಗೆ ಹೋಗದ ಗಾತ್ರದವು. ಬಿಳಿ ರಾಜ ಹಾಲುಪುಡಿ ಡಬ್ಬಿ, ಕಪ್ಪು ರಾಜ ಫ್ಲಾಸ್ಕು, ಆನೆ ಬೋರಲು ಹಾಕಿದ ಚೊಂಬು, ಕುದುರೆ ನನ್ನ ಗಂಡನ ಬಲಗಾಲಿನ ಬೂಟು. ಬಿಳಿ ಪದಾತಿಗಳು ಆಲೂಗಡ್ಡೆ, ಕಪ್ಪು ಪದಾತಿಗಳು ಈರುಳ್ಳಿ.

"ಇವತ್ತು ಬೂಟು ಆಫೀಸಿಗೆ ಬರತ್ತೋ, ಯುದ್ಧಕ್ಕೆ ಹೋಗತ್ತೋ?" ಎಂದರು ಇವರು.

"ಚಪ್ಪಲಿ ಹಾಕ್ಕೊಂಡು ಹೋಗ್ರೀ. ನಿಮ್ಮ ಆಫೀಸಲ್ಲಿ ಕಾಲು ಯಾರು ನೋಡ್ತಾರೆ?"

ಮಂಗಳವಾರ ಸಂಜೆ ಚೀಟಿ ನೋಡಿ ಒಂದೊಂದನ್ನೇ ಜೋಡಿಸಿದೆ. ಜೋಡಿಸಿ ಮುಗಿಯುವಷ್ಟರಲ್ಲಿ ಹಿಂದೆ ಕಚಕಚ ಸದ್ದು. ಕಾಯಿ ನುಂಗಬಾರದೆಂದು ಇಷ್ಟೆಲ್ಲ ವ್ಯೂಹ ರಚಿಸಿದರೆ, ಮಗಳು ಚೀಟಿಯನ್ನೇ ಜಗಿದು ನುಂಗಿದ್ದಳು! ಮಕ್ಕಳ ಡಾಕ್ಟರಿಗೆ ಮೂರು ಸಲ ಫೋನ್ ಮಾಡಿದೆ. "ಕಾಗದ ತಾನೇ? ನಾಳೆ ಹೊರಗೆ ಬರತ್ತೆ, ಫೋನ್ ಇಡೀಮ್ಮ" ಎಂದರು. ರಾತ್ರಿಯಿಡೀ ಅವಳ ಹೊಟ್ಟೆ ಮುಟ್ಟಿ ಮುಟ್ಟಿ ನೋಡಿದೆ. ಚೆಸ್ಸಿಗೆ ಕೂತದ್ದು ಬುಧವಾರ ಊಟವಾದ ಮೇಲೆ.

ಗುರುವಾರ, ಶುಕ್ರವಾರ ಕಳೆದವು. ಡಬ್ಬಿ ಸರಿಸಿದೆ, ಬೂಟು ಹಾರಿಸಿದೆ, ಮಂಡಿಯೂರಿ ನೆಲಕ್ಕೆ ಕೆನ್ನೆಯಿಟ್ಟು ನೋಡಿದೆ. ಎರಡು ನಡೆಯಲ್ಲಿ ಹೋಗಲಿ, ಇನ್ನೂರು ನಡೆಯಲ್ಲೂ ಆ ಫ್ಲಾಸ್ಕು ಸಾಯುವಂತಿರಲಿಲ್ಲ! ಕೊನೆಗೆ ಸತ್ಯ ಹೊಳೆಯಿತು. ಸಮಸ್ಯೆಯೇ ತಪ್ಪು!

"ಹೋಗಿ ಇನ್ನೊಂದು ಸಲ ಚೀಟಿ ಕೇಳಬಾರದಾ?" ಎಂದರು ಇವರು.

"ಯಾಕೆ? ಒಂದು ಸಲ ನೋಡಿದ್ದು ನಂಗೆ ಕಲ್ಲಲ್ಲಿ ಕೆತ್ತಿದ ಹಾಗೆ. ಆ ಮನುಷ್ಯನಿಗೆ ಪುಸ್ತಕದ ಧೂಳು ಹೊಡೆಯೋದು ಬಿಟ್ಟು ಏನೂ ಬರಲ್ಲ!"

ನಾಲ್ಕು ಪುಟದ ಪತ್ರ ಬರೆದೆ. ಶನಿವಾರ ಮಗಳನ್ನು ಇವರ ಹೆಗಲಿಗೆ ಹಾಕಿ, ವಾಚನಾಲಯದ ನಟ್ಟನಡುವೆ ನಿಂತು ಗಟ್ಟಿಯಾಗಿ ಓದಿದೆ: "ಮಾನ್ಯರೇ, ಬೇರೆಯವರ ಪುರುಸೊತ್ತು ಅಳೆಯುವ ಮೊದಲು ತಮ್ಮ ಬುದ್ಧಿಯನ್ನು ಅಳೆದುಕೊಳ್ಳತಕ್ಕದ್ದು..." ಏಳೂ ಜನ ಬಾಯಿ ತೆರೆದು ಕೇಳಿದರು. ಲೈಬ್ರೇರಿಯನ್ ಮಣೆಯ ಮೇಲೆ ಕಾಯಿ ಜೋಡಿಸಿದರು. ಕೊನೆಯದಾಗಿ ಎಡತುದಿಯಲ್ಲಿ, ಇನ್ನೊಂದೇ ಹೆಜ್ಜೆಗೆ ಆಚೆ ಅಂಚು ಮುಟ್ಟುವ ಮನೆಯಲ್ಲಿ, ಒಂದು ಬಿಳಿ ಪದಾತಿ ಇಟ್ಟರು.

"ಅದು ಎಲ್ಲಿಂದ ಬಂತು?" ಎಂದು ಕಿರುಚಿದೆ.

"ಚೀಟಿಯಿಂದ" ಎಂದರು.

ನನ್ನ ಬೆನ್ನ ಹಿಂದೆ ಇವರು ಕೆಮ್ಮಿದರು. ಹದಿನಾಲ್ಕು ತಿಂಗಳಲ್ಲಿ ಆ ಕೆಮ್ಮಿನ ಅರ್ಥ ಚೆನ್ನಾಗಿ ಕಲಿತಿದ್ದೇನೆ.

"ಬುಧವಾರ ಅಡುಗೆ ನಂದಲ್ವಾ... ಮೂಲೇಲಿ ಒಂದೇ ಒಂದು ಆಲೂಗಡ್ಡೆ ಬಿದ್ದಿತ್ತು ಕಣೇ. ಉರುಳಿ ಹೋಗಿದೆ ಅಂದ್ಕೊಂಡು ಬುಟ್ಟಿಯಲ್ಲಿದ್ದವುಗಳ ಜೊತೆ ಹುರಿದುಬಿಟ್ಟೆ."

"ನನ್ನ ಪದಾತೀನ ಹುರಿದ್ರಾ?"

"ಎರಡನೇ ಸಲ ಬಡಿಸಿಕೊಂಡೋಳು ನೀನೇ!"

ಏಳು ಜನರ ನಗುವಿಗೆ ಮಗಳೂ ಸೇರಿಕೊಂಡಳು. ನನ್ನ ರಕ್ತವೇ ಹೀಗೆ ಮಾಡಿದರೆ ಯಾರಿಗೆ ಹೇಳಲಿ! ಇವರು ಪಾಪಪ್ರಜ್ಞೆಯಿಂದ ಮಣೆಯತ್ತ ಬಗ್ಗಿದರು. "ಛೆ, ಇದು ಇನ್ನೊಂದು ಹೆಜ್ಜೆ ಇಟ್ಟಿದ್ರೆ ಮಂತ್ರಿ ಆಗ್ತಿತ್ತಲ್ವಾ? ಮೂರು ದಿನ ನೀನು ಇದನ್ನೇ ಗೊಣಗ್ತಿದ್ದೆ, ಆಚೆ ಅಂಚು ಮುಟ್ಟೋ ಪದಾತಿ ಒಂದಿದ್ರೆ ಸಾಕು ಅಂತ. ರಾಜನಿಗೆ ಚೆಕ್ಕು. ಆನೆ ಅಡ್ಡ ಬಂದ್ರೆ ಅದನ್ನೂ ತಿಂದುಬಿಡೋದು. ಆಯ್ತು!"

ಏಳೂ ಜನ ಮಣೆಯ ಮೇಲೆ ಬಗ್ಗಿದರು.

"ಸರಿಯುತ್ತರ" ಎಂದರು ಲೈಬ್ರೇರಿಯನ್. "ಹೊಸಬರಿಗೆ ಧೈರ್ಯ ಬರ್ಲಿ ಅಂತ ಕೊಡೋ ಸುಲಭದ ಸಮಸ್ಯೆ ಇದು. ಕೂತ್ಕೊಳ್ಳಿ ಸಾರ್." ಎಂಟನೆಯ ಕುರ್ಚಿ ಎಳೆದರು. ಇವರಿಗೆ!

"ಅಯ್ಯೋ, ನಂಗೆ ಕುದುರೆ ಹೇಗೆ ಹೋಗತ್ತೆ ಅಂತಾನೂ ಗೊತ್ತಿಲ್ಲ!"

"ಗೊತ್ತಿಲ್ಲ ಅಂತ ಒಪ್ಕೊಳ್ಳೋರು ಈ ಕೂಟಕ್ಕೆ ಇದುವರೆಗೂ ಒಬ್ಬರೂ ಬಂದಿರಲಿಲ್ಲ. ಬನ್ನಿ."

ಇವರು ನನ್ನ ಮುಖ ನೋಡಿದರು, ಕುರ್ಚಿ ನೋಡಿದರು. ಆಮೇಲೆ ಮಗಳನ್ನು ಮೆಲ್ಲಗೆ ನನ್ನ ಹೆಗಲಿಗೆ ದಾಟಿಸಿದರು.

"ಎರಡೇ ಗಂಟೆ ಕಣೇ. ಬಂದ್ಬಿಡ್ತೀನಿ!"